ಮಗಳಿಗೊಂದು ಪತ್ರ: ಸಹಿಯಾಗದ ಹನ್ನೊಂದು ವಾರ

ಶಿವಮೊಗ್ಗ
13 ಆಗಸ್ಟ್ 2025, ಬುಧವಾರ

ಚಿ. ಸೌ. ವಸುಧಾಳಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು. ನಾವಿಬ್ಬರೂ ಕ್ಷೇಮ. ಮಳೆ ಬಿಟ್ಟಿಲ್ಲ, ಹಿತ್ತಿಲ ಗೋಡೆ ಪಾಚಿಗಟ್ಟಿದೆ. ಅಳಿಯಂದಿರಿಗೆ ನಮ್ಮ ಆಶೀರ್ವಾದ ತಿಳಿಸು.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ, ಅಂದರೆ ಅಮೆರಿಕದ ನಿನ್ನ ಫ್ರೆಸ್ನೋದಲ್ಲಿ ಶನಿವಾರ ರಾತ್ರಿ ಎಂಟೂವರೆಗೆ, ನೀನು ಮಾತಿನ ನಡುವೆ ಫೋನ್ ಇಟ್ಟ ಮೇಲೆ ನಾನು ಎರಡು ಸಲ ಮಾಡಿದೆ, ನೀನು ಎತ್ತಲಿಲ್ಲ. ಎತ್ತದಿದ್ದದ್ದೇ ಒಳ್ಳೆಯದಾಯಿತು ಎಂದು ಈಗ ಅನ್ನಿಸುತ್ತದೆ, ಏಕೆಂದರೆ ಎತ್ತಿದ್ದರೆ ಅದೇ ಮಾತನ್ನು ಇನ್ನಷ್ಟು ಜೋರಾಗಿ ಹೇಳಿರುತ್ತಿದ್ದೆ. ನೀನು ಬೇಡವೆಂದ ಸಹಿಯ ಬಗ್ಗೆ ಆಡಿದ ಮಾತುಗಳನ್ನೆಲ್ಲ ಇಲ್ಲಿ ಮತ್ತೆ ಬರೆಯುವುದಿಲ್ಲ. ನೀನು ಕೊನೆಗೆ ಕೇಳಿದ್ದು, "ಅಪ್ಪಾ, ನೀವಾ ಇದನ್ನು ಹೇಳ್ತಿರೋದು?" ಎಂದು. ಆ ಪ್ರಶ್ನೆಗೆ ಫೋನಿನಲ್ಲಿ ಉತ್ತರ ಹೇಳುವುದು ನನ್ನಿಂದ ಆಗದು. ಅದಕ್ಕೇ ಈ ಕಾಗದ.

ಮೊದಲು ಲೆಕ್ಕ ಬರೆಯುತ್ತೇನೆ. ಲೆಕ್ಕ ಮುಂದಿಟ್ಟುಕೊಳ್ಳದೆ ನನಗೆ ಯಾವುದೂ ಯೋಚಿಸಲು ಬರುವುದಿಲ್ಲ ಎಂದು ನಿನ್ನ ಅಮ್ಮ ನಲವತ್ತು ವರ್ಷದಿಂದ ಹೇಳುತ್ತಿದ್ದಾಳೆ. ಕ್ಯಾಲಿಫೋರ್ನಿಯಾದಲ್ಲಿ ನೀನು ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿ, ಲೈಸೆನ್ಸಿಗೆ ಮುಂಚಿನ ಹಂತವಾದ ಅಸೋಸಿಯೇಟ್ ಎಂದು ನೋಂದಾಯಿಸಿಕೊಂಡ ಮೇಲೆ ಕ್ಲಿನಿಕಲ್ ಸೋಶಿಯಲ್ ವರ್ಕರ್ ಲೈಸೆನ್ಸಿಗೆ ಬೇಕಾದದ್ದು ಲೈಸೆನ್ಸ್ ಇರುವ ಹಿರಿಯರ ಸೂಪರ್‌ವಿಷನ್‌ನಲ್ಲಿ ನಡೆದ 3,000 ಗಂಟೆಗಳ ಕೆಲಸ, ಅದೂ ಕನಿಷ್ಠ 104 ವಾರಗಳಲ್ಲಿ. ಆ ಮೂರು ಸಾವಿರದಲ್ಲಿ ಕನಿಷ್ಠ 2,000 ಗಂಟೆ ರೋಗನಿರ್ಣಯ, ಚಿಕಿತ್ಸೆ, ಆಪ್ತಸಮಾಲೋಚನೆಯಂಥ ಕ್ಲಿನಿಕಲ್ ಕೆಲಸವಾಗಿರಬೇಕು. ಅದರೊಳಗೆ 750 ಗಂಟೆ ಮುಖಾಮುಖಿ ಕುಳಿತು ಮಾಡಿದ್ದಾಗಿರಬೇಕು. ಉಳಿದ ಓಡಾಟ, ವರದಿ, ಕಾರ್ಯಾಗಾರಗಳಿಗೆ ಸಾವಿರಕ್ಕಿಂತ ಹೆಚ್ಚು ಸಿಗುವುದಿಲ್ಲ. ಎಷ್ಟೇ ದುಡಿದರೂ ವಾರಕ್ಕೆ 40 ಗಂಟೆಗಿಂತ ಹೆಚ್ಚು ಎಣಿಸುವಂತಿಲ್ಲ. ಇವೆಲ್ಲಕ್ಕಿಂತ ಮುಖ್ಯವಾಗಿ, ಯಾವ ವಾರದ ಗಂಟೆಗಳನ್ನು ಲೆಕ್ಕಕ್ಕೆ ಹಿಡಿಯಬೇಕೋ ಅದೇ ವಾರದಲ್ಲಿ ಸೂಪರ್‌ವೈಸರ್ ಜೊತೆ ಒಂದು ಗಂಟೆ, ಗುಂಪಿನಲ್ಲಾದರೆ ಎರಡು ಗಂಟೆ, ಕುಳಿತಿರಲೇಬೇಕು. ಕುಳಿತಿಲ್ಲವಾದರೆ ಆ ವಾರ ನೀನು ಕೆಲಸವೇ ಮಾಡಿಲ್ಲ ಎಂದು ಲೆಕ್ಕ.

ನಿನ್ನ ಬಳಿ 2,640 ಗಂಟೆ ಇದೆ ಎಂದು ನಾವೆಲ್ಲ ನಂಬಿದ್ದೆವು. ಹನ್ನೊಂದು ವಾರ ನಿನ್ನ ಸೂಪರ್‌ವೈಸರ್ ಮನೆಯ ತೊಂದರೆಯಿಂದ ಬರಲಿಲ್ಲ, ಕ್ಲಿನಿಕ್ಕಿನವರು ಬದಲಿಗೆ ಯಾರನ್ನೂ ಕೊಡಲಿಲ್ಲ. ವಾರಕ್ಕೆ 36ರಂತೆ 396 ಗಂಟೆ ಹೋಯಿತು. ಉಳಿದದ್ದು 2,244. ಇನ್ನು ಬೇಕಾದದ್ದು 756, ಅಂದರೆ ಇಪ್ಪತ್ತೊಂದು ವಾರ. ಮೊದಲ ವರ್ಷ ನೀನು ಅರ್ಧ ಹೊತ್ತಿನ ಕೆಲಸದಲ್ಲಿದ್ದುದರಿಂದ ವಾರಗಳ ಕೊರತೆಯಿಲ್ಲ, ಹನ್ನೊಂದನ್ನು ಕಳೆದರೂ 97 ಇವೆ, ಇನ್ನು ಇಪ್ಪತ್ತೊಂದು ಸೇರಿದರೆ 104 ದಾಟುತ್ತದೆ. ದೀಪಾವಳಿಯ ಹೊತ್ತಿಗೆ ಮುಗಿಯಬೇಕಿದ್ದದ್ದು ಸಂಕ್ರಾಂತಿಯ ಹತ್ತಿರಕ್ಕೆ ಹೋಗುತ್ತದೆ. ನೀನು ಹಬ್ಬಕ್ಕೆ ಬರುವುದಿಲ್ಲ ಎಂದಾಗ ನಿನ್ನ ಅಮ್ಮನ ಮುಖ ನೋಡಿ ನನಗೆ ಸಿಟ್ಟು ಬಂತು, ಆ ಸಿಟ್ಟಿನಲ್ಲಿ ಬಾಯಿ ಜಾರಿತು ಎಂದು ಬರೆದರೆ ಅದು ಅರ್ಧ ಸತ್ಯವಾಗುತ್ತದೆ. ನಾನು ಯೋಚಿಸಿಯೇ ಹೇಳಿದೆ. ನಿನ್ನ ಆ ಸೂಪರ್‌ವೈಸರ್ ಕೆಲಸ ಬಿಟ್ಟು ಹೋಗುವಾಗ "ಆ ವಾರಗಳ ಗಂಟೆ ಬರೆಯುವ ಲಾಗ್ ಹಾಳೆಗಳನ್ನೂ ತಂದುಬಿಡು, ಒಟ್ಟಿಗೆ ಸಹಿ ಹಾಕಿಕೊಡುತ್ತೇನೆ" ಎಂದರೆಂದೂ, ನೀನು ಬೇಡವೆಂದೆಯೆಂದೂ ತಿಳಿಸಿದಾಗ, ತಕ್ಷಣ ನನ್ನ ಬಾಯಿಂದ ಬಂದದ್ದು "ಹಾಕಿಸಿಕೊಳ್ಳಬೇಕಿತ್ತು, ಯಾರಿಗೆ ಗೊತ್ತಾಗುತ್ತದೆ" ಎಂಬ ಮಾತು. ಅಷ್ಟು ಸಲೀಸಾಗಿ ಅದು ಬಂದದ್ದು ಹೇಗೆ ಎಂಬುದನ್ನು ನಿನಗೆ ಹೇಳಬೇಕಾಗಿದೆ. ಇದು ನಿನ್ನ ಅಮ್ಮನಿಗೂ ತಿಳಿದಿಲ್ಲ.

ನಮ್ಮ ಇಲಾಖೆಯಲ್ಲಿ ಅಳತೆ ಪುಸ್ತಕ ಎಂದು ಒಂದಿತ್ತು, ಎಂ.ಬಿ. ಎಂದೇ ಎಲ್ಲರ ಬಾಯಲ್ಲಿ ಅದರ ಹೆಸರು. ಚಿಕ್ಕವಳಿದ್ದಾಗ ಅದರ ಮೇಲೆ ಬಣ್ಣದ ಪೆನ್ಸಿಲ್ ಆಡಿಸಲು ಹೋಗಿ ನೀನು ಬೈಸಿಕೊಂಡದ್ದು ನೆನಪಿರಬಹುದು. ಪುಟಗಳಿಗೆ ಅಚ್ಚಿನ ಸಂಖ್ಯೆ ಇರುತ್ತದೆ, ಹಾಳೆ ಹರಿಯುವಂತಿಲ್ಲ, ಅಳಿಸುವಂತಿಲ್ಲ. ತಪ್ಪಿದರೆ ಗೆರೆ ಎಳೆದು ಪಕ್ಕದಲ್ಲಿ ಚಿಕ್ಕ ಸಹಿ ಹಾಕಬೇಕು. ಜೆ.ಇ., ಅಂದರೆ ಆಗಿನ ನನ್ನಂಥ ಜೂನಿಯರ್ ಎಂಜಿನಿಯರ್, ಸ್ಥಳಕ್ಕೆ ಹೋಗಿ ಟೇಪು ಹಿಡಿದು ಉದ್ದ, ಅಗಲ, ಆಳ ಬರೆದರೆ ಮಾತ್ರ ಗುತ್ತಿಗೆದಾರನಿಗೆ ಬಿಲ್ಲು. ಅದರಲ್ಲೂ ಮಣ್ಣಿನಡಿ ಹೋಗುವ ಕೆಲಸವನ್ನು ಮುಚ್ಚುವ ಮೊದಲೇ ಅಳೆಯಬೇಕು. ಮುಚ್ಚಿದ ಮೇಲೆ ಅಳೆಯುವುದಕ್ಕೆ ಏನೂ ಉಳಿಯುವುದಿಲ್ಲ.

1994ರ ಮಾರ್ಚ್ ತಿಂಗಳ ಕೊನೆಯ ವಾರ, ಒಂದು ಹಳ್ಳಕ್ಕೆ ಮೋರಿ ಕಟ್ಟುವ ಕೆಲಸ ನನ್ನ ಕೈಯಲ್ಲಿತ್ತು. ಮೂವತ್ತೊಂದರೊಳಗೆ ಬಿಲ್ಲು ಆಗದಿದ್ದರೆ ಅನುದಾನ ಲ್ಯಾಪ್ಸ್ ಆಗುತ್ತದೆ ಎಂದು ಮೇಲಿನವರು ದಿನಕ್ಕೆರಡು ಸಲ ಕೇಳುತ್ತಿದ್ದರು. ಪಾಯದ ಗುಂಡಿ ಅಳೆಯಲು ಹೋಗಬೇಕಾದ ದಿನ ನಾನು ಕಚೇರಿಯಲ್ಲಿ ಬೇರೊಂದು ಕಡತದಲ್ಲಿ ಸಿಕ್ಕಿಬಿದ್ದೆ. ಮರುದಿನ ಮಧ್ಯಾಹ್ನ ಹೋದರೆ ಪಾಯಕ್ಕೆ ಕಾಂಕ್ರೀಟು ತುಂಬಿಸಿ, ಮೇಲೆ ಒದ್ದೆ ಗೋಣಿಚೀಲ ಹಾಸಿದ್ದರು. ಆಳ ಎಷ್ಟಿತ್ತು ಎಂದು ಕೇಳಿದೆ. ಮೇಸ್ತ್ರಿ ಕುಳ್ಳಗಿನ ಮನುಷ್ಯ. ಎಲೆ ಅಡಿಕೆ ಉಗಿದು ಬಂದು, ಕೈಯನ್ನು ತನ್ನ ಎದೆಗೆ ಅಡ್ಡ ಹಿಡಿದು, "ಇಲ್ಲಿಗಂಟ ಇತ್ತು ಸಾರ್, ಒಂದು ಇಪ್ಪತ್ತು" ಎಂದ. ನಾನು 1.20 ಮೀಟರ್ ಎಂದು ಬರೆದು ಸಹಿ ಹಾಕಿದೆ. ಎಸ್ಟಿಮೇಟಿನಲ್ಲಿ ಇದ್ದದ್ದೂ ಅಷ್ಟೇ, ಆದ್ದರಿಂದ ಯಾರೂ ಕೇಳಲಿಲ್ಲ. ನಾನು ಯಾರಿಂದಲೂ ಒಂದು ಕಾಸು ಮುಟ್ಟಲಿಲ್ಲ. ಅದನ್ನು ಹೇಳಿಕೊಂಡೇ ಮೂವತ್ತೊಂದು ವರ್ಷ ಕಳೆದೆ.

ಆ ಮೋರಿ ಇನ್ನೂ ನಿಂತಿದೆ. ಏನೂ ಆಗಿಲ್ಲ. ಆದರೆ ಜೋರು ಮಳೆ ಬಂದ ರಾತ್ರಿಗಳಲ್ಲಿ ನಾನು ಎದ್ದು ಕೂರುವುದನ್ನು ನೀನು ನೋಡಿದ್ದೀಯೆ. ಹೊಟ್ಟೆ ಸರಿಯಿಲ್ಲ ಎನ್ನುತ್ತಿದ್ದೆ. ಬಸ್ಸಿನಲ್ಲಿ ಆ ದಾರಿಯಾಗಿ ಹೋಗಬೇಕಾದಾಗ ಬೇಕೆಂದೇ ಎಡಗಡೆ ಕಿಟಕಿಗೆ ಕುಳಿತು ನೀರು ಯಾವ ಮಟ್ಟದಲ್ಲಿದೆ ಎಂದು ನೋಡುತ್ತೇನೆ. ಹಳ್ಳ ತುಂಬಿ ಹರಿದ ಒಂದು ವರ್ಷ ಛತ್ರಿ ಹಿಡಿದು ಒಬ್ಬನೇ ಹೋಗಿ, ರೆಕ್ಕೆಗೋಡೆಯ ಬುಡದಲ್ಲಿ ಕಡ್ಡಿ ಚುಚ್ಚಿ ಮಣ್ಣು ಕೊಚ್ಚಿಹೋಗಿದೆಯೇ ಎಂದು ನೋಡಿ ಬಂದಿದ್ದೆ; ದನ ಕಾಯುವ ಹುಡುಗನೊಬ್ಬ ಏನು ಕಳಕೊಂಡಿರಿ ಎಂದು ಕೇಳಿದ. ನನ್ನನ್ನು ಹೆಚ್ಚು ಕಾಡುವುದು ಆ ಮೇಸ್ತ್ರಿಯ ಕೈ. ಮೊದಲೆಲ್ಲ ನೆನಪಿಸಿಕೊಂಡರೆ ಅದು ಎದೆಯ ಮೇಲೆಯೇ ಇತ್ತು. ನಿವೃತ್ತನಾದ ಮೇಲೆ ಅದು ಸ್ವಲ್ಪ ಕೆಳಗಿಳಿಯಿತು. ಈಚೆಗೆ ನೆನಪಿಸಿಕೊಂಡರೆ ಹೊಟ್ಟೆಯ ಹತ್ತಿರ ಕಾಣುತ್ತದೆ. ಅವನು ಆ ದಿನ ಕೈಯನ್ನು ಎಲ್ಲಿ ಇಟ್ಟಿದ್ದ ಎಂಬುದು ಇನ್ನು ತಿಳಿಯುವಂತಿಲ್ಲ, ಏಕೆಂದರೆ ಅವನಿಲ್ಲ, ನಾನು ಟೇಪನ್ನು ಚೀಲದಿಂದ ಹೊರಗೂ ತೆಗೆದಿರಲಿಲ್ಲ.

ನಿನ್ನ ಹನ್ನೊಂದು ವಾರಗಳು ಬೇರೆ ಜಾತಿಯವು ಎಂದು ನಾನು ಬಲ್ಲೆ. ನೀನು ಕೆಲಸ ಮಾಡಿದ್ದೀಯೆ. ಜನ ಬಂದು ನಿನ್ನೆದುರು ಕುಳಿತರು, ಅತ್ತರು, ಎದ್ದು ಹೋದರು, ಕೆಲವರು ಮುಂದಿನ ವಾರವೂ ಬಂದರು. ಕ್ಲಿನಿಕ್ಕಿನವರಿಗೆ ನಿನ್ನ ವಾರದ ಮೂವತ್ತಾರು ಗಂಟೆಯೂ ಬೇಕಿತ್ತು. ನಿನಗೆ ಬೇಕಿದ್ದ ಒಂದೇ ಒಂದು ಗಂಟೆ ಕೊಡಲು ಅಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ. ಅವರ ತಪ್ಪಿಗೆ ಲೆಕ್ಕ ಬಿದ್ದದ್ದು ನಿನ್ನ ಹಾಳೆಯಲ್ಲಿ. ಇದನ್ನು ನ್ಯಾಯ ಎಂದು ನಾನು ಯಾವತ್ತೂ ಒಪ್ಪುವುದಿಲ್ಲ. ಆದರೆ ಆ ಒಂದು ಗಂಟೆಯಲ್ಲಿ ಏನು ನಡೆಯುತ್ತದೆ ಎಂದು ಕಳೆದ ವರ್ಷ ನೀನು ವಿವರಿಸಿದ್ದು ಈ ಮೂರು ದಿನದಿಂದ ತಲೆಯಲ್ಲಿ ಸುತ್ತುತ್ತಿದೆ. ಹೆಸರು ಹೇಳದೆ, ಊರು ಹೇಳದೆ ಒಂದು ಸಂಗತಿ ಹೇಳಿದ್ದೆ: ನೀನು ಸಮಾಧಾನವಾಗಿದ್ದಾನೆ ಎಂದುಕೊಂಡಿದ್ದ ಒಬ್ಬನ ಬಗ್ಗೆ ಸೂಪರ್‌ವೈಸರ್ ಕೇಳಿದರಂತೆ, ಅವನು ತನ್ನ ನಾಯಿಯನ್ನು ಬೇರೆಯವರಿಗೆ ಕೊಟ್ಟದ್ದು ಯಾಕೆಂದು ವಿಚಾರಿಸಿದೆಯಾ ಎಂದು. ನೀನು ವಿಚಾರಿಸಿರಲಿಲ್ಲ. ಅಂದೇ ಫೋನ್ ಮಾಡಿ ಕೇಳಿದೆ. ಆ ಹನ್ನೊಂದು ವಾರಗಳಲ್ಲಿ ಅಂಥ ಪ್ರಶ್ನೆ ಕೇಳುವವರು ಇರಲಿಲ್ಲ ಎಂಬುದು ನಿಜ. ಕೇಳಿದ್ದರು ಎಂದು ಹಾಳೆಯಲ್ಲಿ ಬರೆಸು ಎಂದು ನಾನು ನಿನಗೆ ಹೇಳಿದೆ.

ತಪ್ಪಾಯಿತು ಮಗಳೇ. ಅಪ್ಪಂದಿರು ಬರೆಯುವ ಕಾಗದಗಳಲ್ಲಿ ಈ ಪದ ಹೆಚ್ಚಾಗಿ ಇರುವುದಿಲ್ಲ, ಆದ್ದರಿಂದ ಬೇರೆ ಸಾಲಿನಲ್ಲಿ ಬರೆದಿದ್ದೇನೆ.

ನಿನ್ನ ಸುಮತ್ತೆಯ ವಿಷಯವನ್ನು ಇಲ್ಲಿ ಎತ್ತುವುದಿಲ್ಲ. ನೀನು ಈ ಓದಿಗೆ ಯಾಕೆ ಹೋದೆ ಎಂಬುದು ನಮ್ಮಿಬ್ಬರಿಗೂ ಗೊತ್ತಿದೆ. ನಿಮ್ಹಾನ್ಸ್‌ನ ಆ ಮರದ ಬೆಂಚಿನ ಮೇಲೆ ಕಡತ ಹಿಡಿದು ಕುಳಿತಿದ್ದ ಒಂಬತ್ತು ವರ್ಷದ ಹುಡುಗಿಗೆ "ನೀನು ಊಟ ಮಾಡಿದೆಯಾ" ಎಂದು ಕೇಳಿದ್ದು ಡಾಕ್ಟರಲ್ಲ, ಅಲ್ಲಿನ ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್. ಅದಕ್ಕೇ ನಾನು ಆಗ ಹಟ ಹಿಡಿದದ್ದು, ಇಲ್ಲೇ ಓದು ಎಂದು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯೂ ಆ ಹುದ್ದೆಗೆ ಕೇಳುವುದು ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಮತ್ತು ಮೇಲ್ವಿಚಾರಣೆಯಲ್ಲಿ ನಡೆಯುವ ಕ್ಲಿನಿಕಲ್ ತರಬೇತಿ ಒಳಗೊಂಡ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್. ಇಲ್ಲಿ ಆ ಎರಡು ವರ್ಷದ ತರಬೇತಿಯನ್ನು ನಡೆಸುವುದು ಓದಿಸುವ ಸಂಸ್ಥೆ. ಅಲ್ಲಿ ಎರಡು ವರ್ಷವನ್ನು ಗಂಟೆ ಗಂಟೆಯಾಗಿ ಹೆಕ್ಕಿ, ಸಹಿ ಮಾಡಿಸಿ, ಕಾಪಾಡಿಕೊಂಡು ಲೈಸೆನ್ಸ್ ಕೊಡುವ ಬೋರ್ಡಿಗೆ ಒಪ್ಪಿಸುವ ಹೊಣೆ ಕಲಿಯುವವಳದ್ದೇ. ಇದನ್ನು ನಾನು ಮೊದಲೇ ಹೇಳಿದ್ದೆ ಎನ್ನಲು ಹೊರಟಿದ್ದೆ. ಹೇಳಿರಲಿಲ್ಲ, ನನಗೂ ಆಗ ಗೊತ್ತಿರಲಿಲ್ಲ.

ಇನ್ನು ಕೆಲವು ಮಾತು. ಪ್ರತಿ ವಾರದ ಲಾಗ್ ಹಾಳೆಯ ಒಂದು ಪ್ರತಿ ನಿನ್ನ ಮನೆಯಲ್ಲೇ ಇರಲಿ, ಕ್ಲಿನಿಕ್ಕಿನ ಕಪಾಟನ್ನು ನಂಬಬೇಡ. ಸೂಪರ್‌ವೈಸರ್ ಬದಲಾಗುವಾಗ ಹಳಬರಿಂದ ಅನುಭವ ದೃಢೀಕರಣದ ನಮೂನೆಗೆ ಅವರು ಹೋಗುವ ಮೊದಲೇ ಸಹಿ ಪಡೆ. ಕ್ಲಿನಿಕಲ್ ಸಮಾಲೋಚನೆ ವಾರಕ್ಕೆ ಹತ್ತು ಗಂಟೆ ಮೀರಿದರೆ ಇನ್ನೊಂದು ಗಂಟೆ ಸೂಪರ್‌ವಿಷನ್ ಬೇಕೆಂಬ ನಿಯಮವಿದೆ, ಅದನ್ನು ಹಳೆಯ ಹಾಳೆಗಳಲ್ಲೂ ಒಮ್ಮೆ ಪರಿಶೀಲಿಸು. 1,700 ಗಂಟೆ ಕ್ಲಿನಿಕಲ್ ಸೋಶಿಯಲ್ ವರ್ಕ್ ಲೈಸೆನ್ಸ್ ಇರುವವರ ಕೈಕೆಳಗೇ ಆಗಬೇಕು. ಹೊಸಬರು ಯಾವ ಲೈಸೆನ್ಸಿನವರು ಎಂದು ಕೇಳಿದೆಯಾ? ಕಾನೂನು ಮತ್ತು ನೀತಿಯ ಪರೀಕ್ಷೆ ತೆಗೆದುಕೊಳ್ಳದೆ ನೋಂದಣಿ ನವೀಕರಣ ಆಗುವುದಿಲ್ಲ. ಆರು ವರ್ಷಕ್ಕಿಂತ ಹಳೆಯ ಗಂಟೆಗಳನ್ನು ಬೋರ್ಡು ಒಪ್ಪುವುದಿಲ್ಲವಾದ್ದರಿಂದ ತಡ ಮಾಡಬೇಡ, ನೀನು ಶುರು ಮಾಡಿದ್ದು 2023ರಲ್ಲಿ. ಇಷ್ಟನ್ನು ಬರೆದ ಮೇಲೆ ನೋಡಿದರೆ, ಇದೆಲ್ಲವನ್ನೂ ನನಗೆ ಕಲಿಸಿದವಳೇ ನೀನು, ಮತ್ತು ಆರು ವರ್ಷ ತುಂಬುವುದಕ್ಕೆ 2029 ಬರಬೇಕು. ಆದರೂ ತಡ ಮಾಡಬೇಡ.

ಅಳೆಯದ್ದಕ್ಕೆ ನಾನು ಸಹಿ ಹಾಕಿದಾಗ ನನಗೆ ಮೂವತ್ತೆರಡು. ನಿನಗೆ ಈಗ ಮೂವತ್ತು, ನೀನು ಹಾಳೆಯನ್ನು ಖಾಲಿ ಬಿಟ್ಟೆ. ಭಾನುವಾರ ಸಂಜೆ ನಿನ್ನ ಅಮ್ಮ "ಹಟಮಾರಿ, ಯಾರ ಹಾಗೆ ಆಯಿತೋ" ಎಂದಳು. ನನ್ನ ಹಾಗೆ ಎಂದು ಹೇಳಿಕೊಳ್ಳಲು ಬಾಯಿಗೆ ಬಂತು, ಹೇಳಲಿಲ್ಲ.

ಹಬ್ಬದ ಟಿಕೆಟ್ಟಿನ ದುಡ್ಡು ಹೋದರೆ ಹೋಯಿತು, ಜನವರಿಯದು ನಾನು ಕೊಡುತ್ತೇನೆ, ಅದಕ್ಕೆ ವಾದ ಬೇಡ. ಈ ಭಾನುವಾರ ಒಂಬತ್ತಕ್ಕೆ ನಾನಾಗಿ ಫೋನ್ ಮಾಡುವುದಿಲ್ಲ. ನಿನಗೆ ಮಾಡಬೇಕೆನಿಸಿದರೆ ಅಮ್ಮನ ನಂಬರಿಗೆ ಮಾಡು; ನಾನು ಅಲ್ಲೇ ಪೇಪರ್ ಓದುತ್ತಿರುತ್ತೇನೆ.

ಇಂತಿ ನಿನ್ನ
ಅಪ್ಪ

ಮರೆತಿದ್ದೆ: ಹೊಸ ಸೂಪರ್‌ವೈಸರ್ ಜೊತೆ ಕೂರುವುದು ಶುಕ್ರವಾರ ಎಂದಿದ್ದೆಯಲ್ಲ, ಹಾಳೆಗೆ ಸಹಿಯನ್ನೂ ಅವತ್ತೇ, ಕುರ್ಚಿಯಿಂದ ಏಳುವ ಮೊದಲೇ ಹಾಕಿಸಿಕೋ.