ಬಿರುಕಿಗೆ ಈಗಲೇ ಗಾರೆ ಬಳಿಸಬೇಡಿ

ತೀರ್ಥರೂಪು ಅಪ್ಪನವರಿಗೆ, ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಿನ್ನೆ ಫೋನಿನಲ್ಲಿ ಮಾತು ಜಗಳಕ್ಕೆ ತಿರುಗಿತು, ಅದಕ್ಕೇ ಬರೆಯುತ್ತಿದ್ದೇನೆ. ಕಾಗದದಲ್ಲಾದರೆ ನೀವು ನಡುವೆ ಬಾಯಿ ಹಾಕುವ ಹಾಗಿಲ್ಲ.

ಅಮ್ಮ ವಿಡಿಯೊದಲ್ಲಿ ತೋರಿಸಿದ, ನಮ್ಮ ಹಳೇ ಮನೆಯ ಗೋಡೆಯ ಬಿರುಕನ್ನು ಇಲ್ಲಿ ನಡುರಾತ್ರಿಯವರೆಗೆ ಮತ್ತೆ ಮತ್ತೆ ನೋಡಿದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಇಳಿದು ನೆಲ ಮುಟ್ಟಿದೆ. ಅಮ್ಮ ನಾಣ್ಯ ಇಟ್ಟರೆ ಅಂಚು ಒಳಗೇ ಹೋಯಿತು. ಗಾರೆ ಒಣಗುವಾಗ ಬಿಡುವ ಕೂದಲೆಳೆ ಬಿರುಕು 1 ಮಿ.ಮೀ. ಅಗಲ ಕೂಡ ಇರುವುದಿಲ್ಲ, ಇದು ಅದಲ್ಲ. ನಾವು ಕಟ್ಟಿಸುತ್ತಿರುವ ಹೊಸ ಮನೆಯ ಗುಂಡಿಯನ್ನು ಕಂಟ್ರಾಕ್ಟರ್ ಕಡೆಯವರು ಆ ಹಳೇ ಗೋಡೆಗೆ ಅಂಟಿಕೊಂಡೇ, ಅದರ ಪಾಯಕ್ಕಿಂತ ಆಳಕ್ಕೆ ತೋಡಿದ್ದಾರೆ. ಅಡಿಯ ಮಣ್ಣು ಗುಂಡಿಯ ಕಡೆ ಜಾರಿದರೆ ಗೋಡೆ ಕೂರುತ್ತದೆ, ಮಳೆ ನೀರು ನಿಂತರೆ ಇನ್ನೂ ಬೇಗ. ಇವತ್ತೇ ಮಂಚವನ್ನು ಆ ಕೋಣೆಯಿಂದ ತೆಗೆಸಿ. ಎಂಜಿನಿಯರ್ ಬಂದು ನೋಡುವವರೆಗೆ ಆ ಕಡೆ ಅಗೆತ ಬೇಡ. ಎಂಜಿನಿಯರ್ ಕಂಟ್ರಾಕ್ಟರ್ ಕಡೆಯವರಾಗಿರಬಾರದು.

ಕಂಟ್ರಾಕ್ಟರ್ "ಇದು ಹಳೇ ಬಿರುಕು" ಅಂದರಂತೆ. ಕಳೆದ ಸಲ ಬಂದಾಗ ಪುಟ್ಟಿ ಅದೇ ಕಿಟಕಿಯ ಕೆಳಗೆ ಅಂಬೆಗಾಲಿಟ್ಟಿದ್ದನ್ನು ವಿಡಿಯೊ ಮಾಡಿದ್ದೆನಲ್ಲ, ಅದರಲ್ಲಿ ಅವಳ ತಲೆಯ ಹಿಂದೆ ಗೋಡೆ ನುಣ್ಣಗಿದೆ. ತಾರೀಕೂ ಇದೆ. ಕಳಿಸುತ್ತೇನೆ, ಅಳಿಸಬೇಡಿ.

"ನಾಳೆ ಗಾರೆ ಬಳಿದು ಬಣ್ಣ ಹೊಡೆಸಿಕೊಡ್ತೀನಿ" ಅಂತ ಅವರು ಅಂದಿದ್ದಕ್ಕೆ ನೀವು ಆಗಲಿ ಅಂದಿರಂತೆ. ಅದೊಂದು ಬೇಡ ಅಪ್ಪ. ಬಳಿದ ಮೇಲೆ ಸಾಕ್ಷಿಯೂ ಇಲ್ಲ, ಗೋಡೆ ಇನ್ನೂ ಸರಿಯುತ್ತಿದೆಯೋ ನಿಂತಿದೆಯೋ ತಿಳಿಯುವುದೂ ಇಲ್ಲ. ಬಿರುಕಿನ ಎರಡು ತುದಿಗೂ ಪೆನ್ಸಿಲಿನಲ್ಲಿ ಗೀಟೆಳೆದು ತಾರೀಕು ಬರೆಯಿರಿ. ಅಡ್ಡಲಾಗಿ ತೆಳು ಗಾಜಿನ ಪಟ್ಟಿಯೊಂದನ್ನು ಎರಡೂ ಬದಿ ಗಟ್ಟಿಯಾಗಿ ಅಂಟಿಸಿ, ಗೋಡೆ ಅಲುಗಿದರೆ ಗಾಜು ಒಡೆದು ಹೇಳುತ್ತದೆ. ವಾರಕ್ಕೊಮ್ಮೆ ಪಕ್ಕದಲ್ಲಿ ಸ್ಕೇಲ್ ಹಿಡಿದು ಫೋಟೊ ತೆಗೆಯಿರಿ.

ಆಮೇಲೆ ಕಂಟ್ರಾಕ್ಟರಿಗೆ ಬರವಣಿಗೆಯಲ್ಲೇ ತಿಳಿಸಿ: ಯಾವತ್ತು ಅಗೆದರು, ಬಿರುಕು ಯಾವತ್ತು ಕಂಡಿತು, ಯಾರಿದ್ದರು, ಯಾವಾಗ ಉತ್ತರ ಬೇಕು. ಬೈಗುಳ ಬೇಡ, ನಿಮ್ಮ ಕೈಬರಹದಲ್ಲಿ ಬೈಗುಳ ಚೆನ್ನಾಗಿ ಮೂಡುತ್ತದೆ ಅಂತ ಗೊತ್ತು. ತಪ್ಪು ಅಗೆಯುವ ಯಂತ್ರದವನದು ಅಂತ ಅವರು ಅನ್ನಬಹುದು. ಅವನನ್ನು ಕರೆಸಿದ್ದು ಅವರು, ನಮ್ಮ ಕರಾರು ಇರುವುದು ಅವರ ಜೊತೆ. ಇನ್ಶೂರೆನ್ಸ್ ಇದೆಯೇ ಕೇಳಿ. ಇದ್ದರೆ ರಿಪೇರಿಗೆ ಮುಂಚೆಯೇ ಕಂಪನಿಗೆ ತಿಳಿಸಬೇಕು.

ಹಣದ ವಿಷಯಕ್ಕೇ ನಾವು ಜಗಳವಾಡಿದ್ದು. ನೀವು ಅಂದ ಹಾಗೆ ಕಂಟ್ರಾಕ್ಟರಿಗೆ ಕೊಡಬೇಕಾದ ಪೂರ್ತಿ ಕಂತು ತಡೆಹಿಡಿದರೆ "ದುಡ್ಡು ಕೊಡಲಿಲ್ಲ, ಕೆಲಸ ಬಿಟ್ಟೆ" ಅನ್ನಲು ಅವರಿಗೇ ದಾರಿ ಮಾಡಿಕೊಟ್ಟಂತೆ. ಕರಾರಿನಲ್ಲಿ ಹಣ ಹಿಡಿಯುವ ಮಾತು ಏನಿದೆ ಅಂತ ಮೊದಲು ಓದೋಣ. ಎಂಜಿನಿಯರ್ ಹೇಳಿದ ರಿಪೇರಿಯಷ್ಟನ್ನು ಮಾತ್ರ ಹಿಡಿದು, ಯಾಕೆ ಹಿಡಿದಿರಿ ಎಂದೂ ಬರೆದುಕೊಡಿ. "ಎಲ್ಲ ತೀರಿತು" ಎಂಬ ಯಾವ ಕಾಗದಕ್ಕೂ ನಾನು ಓದುವವರೆಗೆ ಸಹಿ ಬೇಡ.

ಮಂಚ ಸರಿಸಿದ ಫೋಟೊ ಅಮ್ಮನ ಫೋನಿನಿಂದ ಬರಲಿ. ನೀವು "ಸರಿಸಿದೆ" ಅಂದರೆ ನಾನು ನಂಬುವುದಿಲ್ಲ.

ನಿಮ್ಮ ಮಗಳು