ಹಿಮ್ಮೇಳದಲ್ಲಿ ಕುಳಿತವರು

ಆತ್ಮೀಯ ಸದಸ್ಯರೇ,

ಯುಗಾದಿಯ ನಂತರ ನಡೆಯುವ ಸರ್ವಸದಸ್ಯರ ಸಭೆಯಲ್ಲಿ ನಮ್ಮ ಸಂಘದ ಕಾರ್ಯಕಾರಿ ಸಮಿತಿ ಬದಲಾಗಲಿದೆ. ಬಹುಕಾಲ ದುಡಿದ ಹಿರಿಯರಲ್ಲಿ ಹಲವರು ಈ ಬಾರಿ ಪದಾಧಿಕಾರಿಗಳಾಗಿ ಮುಂದುವರಿಯುವುದಿಲ್ಲವೆಂದು ತಿಳಿಸಿದ್ದಾರೆ. ಇಲ್ಲಿಯೇ ಹುಟ್ಟಿ ಬೆಳೆದ ಕೆಲವು ಯುವಕ ಯುವತಿಯರು ಆ ಹೊಣೆ ಹೊರಲು ಒಪ್ಪಿದ್ದಾರೆ. "ಹಾಗಾದರೆ ಇನ್ನು ನಮ್ಮ ಕೆಲಸವೇನು?" ಎಂದು ಹಿರಿಯರೊಬ್ಬರು ಕಳೆದ ಸಭೆಯಲ್ಲಿ ಕೇಳಿದರು. ಆ ಪ್ರಶ್ನೆಯನ್ನು ಯೋಚಿಸುವಾಗಲೆಲ್ಲ ನನಗೆ ರಾಜ್ಯೋತ್ಸವದಂದು ನಮ್ಮ ಮಕ್ಕಳು ಆಡಿದ ಬಭ್ರುವಾಹನನ ಯಕ್ಷಗಾನ ಪ್ರಸಂಗದ ಒಂದು ಗಳಿಗೆ ನೆನಪಾಗುತ್ತದೆ.

ಮಗಳ ಮನೆಗೆಂದು ಕುಂದಾಪುರದ ಕಡೆಯಿಂದ ಬಂದಿದ್ದ, ಹಿಂದೆ ಮೇಳದಲ್ಲಿ ಹಾಡಿದ್ದ ಹಿರಿಯರೊಬ್ಬರು ಅಂದು ಭಾಗವತಿಕೆಗೆ, ಅಂದರೆ ಪದ್ಯ ಹಾಡಿ ಆಟವನ್ನು ನಡೆಸಲು, ಕುಳಿತಿದ್ದರು. ಬಭ್ರುವಾಹನನ ವೇಷ ಕಟ್ಟಿದ್ದವಳು ಹನ್ನೆರಡು ವರ್ಷದ ಹುಡುಗಿ. ಯಜ್ಞದ ಕುದುರೆಯನ್ನು ಕಟ್ಟಿಹಾಕಿದ ಸಂಗತಿಯನ್ನು ತಾಯಿ ಚಿತ್ರಾಂಗದೆಗೆ ತಿಳಿಸಬೇಕಾದ ಕಡೆಯಲ್ಲಿ, ತಿಂಗಳುಗಟ್ಟಲೆ ಬಾಯಿಪಾಠ ಮಾಡಿದ್ದ ಮಾತು ಅವಳಿಗೆ ಮರೆತುಹೋಯಿತು. ರಂಗದ ಪಕ್ಕದಲ್ಲಿದ್ದ ನಾವೆಲ್ಲ ಮಾತು ಎತ್ತಿಕೊಡಲು ತುದಿಗಾಲಲ್ಲಿ ನಿಂತೆವು. ಒಬ್ಬರು ಪಿಸುಗುಟ್ಟಿಯೂ ಬಿಟ್ಟರು. ಭಾಗವತರು ಮಾತ್ರ ಗಡಿಬಿಡಿ ಮಾಡಲಿಲ್ಲ. ತಾಳವನ್ನು ಮಡಿಲಲ್ಲಿಟ್ಟುಕೊಂಡು, ಕಥೆ ಕೇಳುವವರಂತೆ ಕೇಳಿದರು: "ಅಲ್ಲ ಮಹಾರಾಜ, ಕುದುರೆಯ ಹಣೆಯಲ್ಲಿ ಒಂದು ಲಿಖಿತವಿತ್ತಂತಲ್ಲ, ಅದರಲ್ಲಿ ಏನು ಬರೆದಿತ್ತು?"

ಹುಡುಗಿ ಅವರತ್ತ ತಿರುಗಿದಳು. "ಧರ್ಮರಾಯನ ಕುದುರೆ ಭಾಗವತರೇ! ತಾಕತ್ತಿದ್ದವರು ಕಟ್ಟಿ ಅಂತ ಬರೆದಿತ್ತು. ನಾನು ಕಟ್ಟಿದೆ!" ಎಂದಳು. ಅದು ಬಾಯಿಪಾಠದ ಮಾತಾಗಿರಲಿಲ್ಲ, ಅವಳದೇ ಮಾತಾಗಿತ್ತು. ಅಲ್ಲಿಂದ ಮುಂದೆ ಅವಳು ಎಲ್ಲಿಯೂ ತಡವರಿಸಲಿಲ್ಲ. ಆಟ ಮುಗಿದ ಮೇಲೆ ಬಣ್ಣದ ಮನೆಯಾದ ಚೌಕಿಯಲ್ಲಿ ಕಿರೀಟ ಬಿಚ್ಚುತ್ತಿದ್ದವಳ ಬಳಿ ಕುಳಿತು, "ಯಕ್ಷಗಾನದಲ್ಲಿ ತಾಕತ್ತು ಅನ್ನಬಾರದು ಮಗಾ, ಬಲ ಅನ್ನಬೇಕು" ಎಂದು ಭಾಗವತರು ಮೆಲ್ಲನೆ ತಿದ್ದಿದ್ದನ್ನು ಕೇಳಿಸಿಕೊಂಡವರು ನಾವು ಇಬ್ಬರೋ ಮೂವರೋ ಮಾತ್ರ.

ಕನ್ನಡದಲ್ಲಿ ನಾಯಕನಿಗೆ ಮುಂದಾಳು ಎಂಬ ಮಾತಿದೆ. ಆದರೆ ಯಕ್ಷಗಾನದಲ್ಲಿ ಕುಣಿದು ಮಾತಾಡುವವರದು ಮುಮ್ಮೇಳ, ಆಟವನ್ನು ನಡೆಸುವ ಭಾಗವತರ ಜಾಗ ಹಿಮ್ಮೇಳ. ಬಣ್ಣ ಹಚ್ಚದ, ಗೆಜ್ಜೆ ಕಟ್ಟದ ಭಾಗವತರನ್ನೇ ಮೊದಲನೆಯ ವೇಷಧಾರಿ ಎಂದು ಕರೆಯುವ ರೂಢಿಯ ಹಿಂದೆ ದೊಡ್ಡ ತಿಳಿವಳಿಕೆಯಿದೆ. ಪ್ರಸಂಗದ ಪುಸ್ತಕದಲ್ಲಿರುವುದು ಪದ್ಯಗಳು. ಮಾತನ್ನು ವೇಷಧಾರಿ ರಂಗದಲ್ಲಿಯೇ ಕಟ್ಟಬೇಕು. ಯಾವ ಪದ್ಯವನ್ನು ಹಾಡಬೇಕು, ಯಾವುದನ್ನು ಬಿಡಬೇಕು, ಯಾರಿಗೆ ಎಷ್ಟು ಅವಕಾಶ ಕೊಡಬೇಕು ಎಂಬುದು ಭಾಗವತರ ವಿವೇಚನೆ. ಅರ್ಥ ಹೇಳುವವನು ಹಿಡಿತ ತಪ್ಪಿ ಮಾತನ್ನು ಉದ್ದ ಮಾಡಿದರೆ ಅವರು ಮುಂದಿನ ಪದ್ಯವನ್ನು ಎತ್ತಿಬಿಡುತ್ತಾರೆ, ದಣಿದವನಿಗೆ ಲಯವನ್ನು ತಗ್ಗಿಸಿ ಉಸಿರಾಡಲು ಬಿಡುತ್ತಾರೆ, ಹುರುಪಿನಲ್ಲಿರುವವನಿಗೆ ಏರುಪದ, ಅಂದರೆ ಚುರುಕು ಲಯದ ಪದ್ಯ, ಹಾಡಿ ಇನ್ನಷ್ಟು ಕುಣಿಸುತ್ತಾರೆ. ಪ್ರೇಕ್ಷಕರ ಕಡೆ ಮುಖ ಮಾಡಿರುವಷ್ಟು ಹೊತ್ತು ವೇಷಧಾರಿಗೆ ಭಾಗವತರು ಕಾಣುವುದೇ ಇಲ್ಲ. ಯಕ್ಷಗಾನದ ಎರಡು ಶೈಲಿಗಳಾದ ಬಡಗುತಿಟ್ಟು, ತೆಂಕುತಿಟ್ಟುಗಳಲ್ಲಿ, ಬಡಗಿನಲ್ಲಾದರೆ ತಾಳದ, ತೆಂಕಿನಲ್ಲಾದರೆ ಜಾಗಟೆಯ ಸದ್ದನ್ನು ನಂಬಿ ಅವನು ಹೆಜ್ಜೆ ಇಡುತ್ತಾನೆ. ಆ ನಂಬಿಕೆಯನ್ನು ಗಳಿಸಬೇಕಾದರೆ ಭಾಗವತರು ಪ್ರತಿ ಪಾತ್ರದ ನಡೆಯನ್ನೂ ಬಲ್ಲವರಾಗಿರಬೇಕು, ಆಟ ಮುಗಿಯುವ ತನಕ ಕುಳಿತಲ್ಲಿಂದ ಗಮನ ಸರಿಸಬಾರದು.

ಇಡೀ ರಾತ್ರಿಯ ಬಯಲಾಟದ ಕ್ರಮವನ್ನು ನೋಡಿದರೆ ಇನ್ನೊಂದು ಸಂಗತಿಯೂ ತಿಳಿಯುತ್ತದೆ. ಮೊದಲ ಭಾಗವಾದ ಪೂರ್ವರಂಗದಲ್ಲಿ ಕುಣಿಯುವ ಕೋಡಂಗಿ, ಬಾಲಗೋಪಾಲ ವೇಷಗಳು ಕಲಿಯುತ್ತಿರುವ ಹುಡುಗರವು. ಆ ಹೊತ್ತಿನಲ್ಲಿ ಹಾಡುವವರೂ ಪ್ರಧಾನ ಭಾಗವತರಲ್ಲ. ಬಡಗಿನಲ್ಲಿ ಸಂಗೀತಗಾರರೆಂದು ಕರೆಯುವ ಕಿರಿಯ ಭಾಗವತರು. ಕಲಿಯುವವರಿಗೆ ಬೇರೆ ದಿನ, ಬೇರೆ ಜಾಗ ಎಂದು ಗೊತ್ತುಮಾಡದೆ, ನಿಜವಾದ ಪ್ರೇಕ್ಷಕರ ಎದುರು, ಅದೇ ಚೆಂಡೆ ಮದ್ದಳೆಗಳ ಜೊತೆಯಲ್ಲಿ ಅವರು ಪಳಗಲೆಂದು ನಮ್ಮ ಹಿರಿಯರು ಪ್ರತಿ ರಾತ್ರಿಯಲ್ಲೂ ಒಂದಷ್ಟು ಹೊತ್ತನ್ನು ತೆಗೆದಿರಿಸಿದ್ದರು. ಹೆಸರಾಂತ ಭಾಗವತರಾದ ನಾರಣಪ್ಪ ಉಪ್ಪೂರರ ಬಳಿ ಕಲಿತ ಭಾಗವತ ಕಾಳಿಂಗ ನಾವಡರು 1990ರಲ್ಲಿ, ಚಿಕ್ಕ ವಯಸ್ಸಿನಲ್ಲೇ ತೀರಿಕೊಳ್ಳುವಷ್ಟರಲ್ಲಿ ತಮ್ಮದೇ ಹಾಡುಗಾರಿಕೆಯಿಂದ ಮನೆಮಾತಾಗಿದ್ದರು. ಅವರು ಗುರುವಿನ ಪಡಿಯಚ್ಚಾಗಲಿಲ್ಲ. ಮೇರು ಕಲಾವಿದರಾಗಿದ್ದ ಕೆರೆಮನೆ ಶಂಭು ಹೆಗಡೆಯವರು 1986ರಲ್ಲಿ ಗುಣವಂತೆಯಲ್ಲಿ ಶ್ರೀಮಯ ಶಿಕ್ಷಣ ಕೇಂದ್ರವನ್ನು ತೆರೆದರು. ರಂಗದಲ್ಲಿ ಅಷ್ಟು ಬೆಳಗಿದವರು ಮಕ್ಕಳಿಗೆ ಹೆಜ್ಜೆ ಕಲಿಸುವ ಕೆಲಸವನ್ನೂ ತಮ್ಮದೆಂದು ತಿಳಿದದ್ದು ನನಗೆ ಅವರ ಯಾವ ವೇಷಕ್ಕಿಂತಲೂ ಕಡಿಮೆಯೆನಿಸುವುದಿಲ್ಲ.

ನಮ್ಮ ಸಂಘದಲ್ಲಿ ಇದುವರೆಗೆ ನಾವು ಎರಡು ರೀತಿಯಲ್ಲಿ ತಪ್ಪಿದ್ದೇವೆ. ಬಹಳ ವರ್ಷ ಎಲ್ಲ ಕೆಲಸವನ್ನೂ ನಾವೇ ಮಾಡಿ, ಯುವಕರನ್ನು ಕುರ್ಚಿ ಜೋಡಿಸಲು, ಊಟ ಬಡಿಸಲು ಮಾತ್ರ ಕರೆದೆವು. ಇದು ಸರಿಯಲ್ಲವೆಂದು ಅರಿವಾದ ಮೇಲೆ, ಎರಡು ವರ್ಷಗಳ ಹಿಂದಿನ ದೀಪಾವಳಿಯನ್ನು ಪೂರ್ತಿಯಾಗಿ ಅವರ ಕೈಗೆ ಕೊಟ್ಟು ನಾವು ಮನೆಯಲ್ಲಿ ಕುಳಿತೆವು. ಸಭಾಂಗಣಕ್ಕೆ ಮುಂಗಡ ಕೊಡುವುದು ಯಾವಾಗ, ಅಡುಗೆಯವರಿಗೆ ಎಷ್ಟು ಜನರ ಲೆಕ್ಕ ಹೇಳಬೇಕು ಎಂಬುದನ್ನು ಯಾರೂ ಅವರಿಗೆ ತಿಳಿಸಿರಲಿಲ್ಲ. ಊಟ ಸಾಲದೆ ಹೋದಾಗ ಬಾಗಿಲಲ್ಲಿ ನಿಂತು ಕ್ಷಮೆ ಕೇಳಿದವರು ಇಪ್ಪತ್ತರ ಆಸುಪಾಸಿನ ಮಕ್ಕಳು. ಅದನ್ನು ನಾವು ಅವರ ಸೋಲೆಂದು ಮಾತಾಡಿಕೊಂಡೆವು. ಅದು ನಮ್ಮದು. ಬಿಟ್ಟುಕೊಡುವುದನ್ನೇ ನಾವು ಮಾರ್ಗದರ್ಶನವೆಂದು ತಿಳಿದಿದ್ದೆವು. ಭಾಗವತರಿಲ್ಲದೆ ವೇಷಗಳನ್ನು ರಂಗಕ್ಕೆ ಕಳಿಸಿದಂತಾಯಿತು.

ಆದ್ದರಿಂದ ಆ ಹಿರಿಯರ ಪ್ರಶ್ನೆಗೆ ನನ್ನ ಉತ್ತರವೆಂದರೆ, ನಮ್ಮ ಕೆಲಸ ಮುಗಿದಿಲ್ಲ, ಕುಳಿತುಕೊಳ್ಳುವ ಜಾಗ ಮಾತ್ರ ಬದಲಾಗಿದೆ. ಈ ಯುಗಾದಿಯ ಕಾರ್ಯಕ್ರಮದ ನಿರೂಪಣೆ, ಲೆಕ್ಕಪತ್ರ, ರಂಗದ ವ್ಯವಸ್ಥೆ ಮೂರನ್ನೂ ಯುವ ಸದಸ್ಯರೇ ನೋಡಿಕೊಳ್ಳಲಿದ್ದು, ಒಂದೊಂದು ಕೆಲಸಕ್ಕೂ ಅದನ್ನು ಹಿಂದೆ ಮಾಡಿ ಬಲ್ಲ ಹಿರಿಯರೊಬ್ಬರು ಮೊದಲ ಸಭೆಯಿಂದ ಕೊನೆಯ ಪಾತ್ರೆ ತೊಳೆಯುವವರೆಗೂ ಜೊತೆಗಿರಬೇಕೆಂದು ಸಮಿತಿ ಕೇಳಿಕೊಂಡಿದೆ. ಲೆಕ್ಕಪತ್ರಕ್ಕೆ ಇನ್ನೂ ಯಾರೂ ಒಪ್ಪಿಲ್ಲ. ಹಿಂದಿನ ಖಜಾಂಚಿಗಳಲ್ಲಿ ಒಬ್ಬರು ದಯವಿಟ್ಟು ಮುಂದೆ ಬರಬೇಕು. ತಾಲೀಮು ಪ್ರತಿ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಆರಂಭವಾಗುತ್ತದೆ. ಬರುವ ಹಿರಿಯರಿಗಾಗಿ ಸಭಾಂಗಣದ ಹಿಂಬದಿಯ ಗೋಡೆಗೆ ಒತ್ತಿ ಒಂದು ಸಾಲು ಕುರ್ಚಿ ಹಾಕಿಸಲಾಗಿದೆ.