ತಿಮ್ಮಯ್ಯ ಮಾಡಿದ ಕೆಲಸಕ್ಕೆ ಭಾರತ ಮತ್ತೆ ಮುಂದಾಗಲಿ: ವಿದೇಶಾಂಗ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಎಸ್. ಜೈಶಂಕರ್ ಅವರಿಗೆ ವಂದನೆಗಳು.

ನೀವು ಬೆಂಗಳೂರಿನ ಮಿಲಿಟರಿ ಶಾಲೆಯಲ್ಲಿ ಓದಿದವರು. ಇದೇ ಊರಿನ ರಿಚ್ಮಂಡ್ ರಸ್ತೆಗೆ ಜನರಲ್ ತಿಮ್ಮಯ್ಯನವರ ಹೆಸರಿದೆ. ಹಾಗೆಂದು ಕರೆಯುವವರು ಮಾತ್ರ ಕಡಿಮೆ. ಕೊಡಗಿನ ಆ ಸೇನಾಧಿಕಾರಿ 1953ರಲ್ಲಿ ಕೊರಿಯಾದಲ್ಲಿ ಮಾಡಿದಂಥ ಕೆಲಸಕ್ಕೆ ಉಕ್ರೇನ್ ವಿಷಯದಲ್ಲೂ ಭಾರತ ಮುಂದೆ ಬರಬೇಕೆಂದು ಕೇಳಲು ಈ ಪತ್ರ.

ಕೊರಿಯಾ ಯುದ್ಧ ನಿಲ್ಲಿಸುವ ಮಾತುಕತೆ 1951ರ ಜುಲೈಯಲ್ಲಿ ಶುರುವಾಗಿ ಎರಡು ವರ್ಷ ಎಳೆದಾಡಿತು. ಕೊನೆಗೆ ಅದು ಕಗ್ಗಂಟಾದದ್ದು ಸ್ವದೇಶಕ್ಕೆ ಮರಳಲು ಒಪ್ಪದ ಯುದ್ಧಕೈದಿಗಳ ಪ್ರಶ್ನೆಯಿಂದ. ಅವರನ್ನು ತಟಸ್ಥ ರಾಷ್ಟ್ರಗಳ ಆಯೋಗವೊಂದು ನೋಡಿಕೊಳ್ಳಲಿ ಎಂದು ಭಾರತ ವಿಶ್ವಸಂಸ್ಥೆಯಲ್ಲಿ ಸೂತ್ರ ಮುಂದಿಟ್ಟಿತು. ತಿಮ್ಮಯ್ಯ ಆ ಆಯೋಗದ ಅಧ್ಯಕ್ಷರಾದರು. 22,000ಕ್ಕೂ ಹೆಚ್ಚು ಕೈದಿಗಳ ಕಾವಲು ನಮ್ಮ ಸೈನಿಕರ ಪಾಲಿಗೆ ಬಂತು. ಯಾರೂ ನಮಗೆ ಹೂಹಾರ ಹಾಕಿ ಕರೆಯಲಿಲ್ಲ. ಭಾರತದ ಒಬ್ಬ ಸೈನಿಕನೂ ತಮ್ಮ ನೆಲ ತುಳಿಯಕೂಡದೆಂದು ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಹಠ ಹಿಡಿದರು. ಹಡಗಿನಿಂದಲೇ ಹೆಲಿಕಾಪ್ಟರ್ ಹತ್ತಿಸಿ ನಮ್ಮವರನ್ನು ಎರಡೂ ಕೊರಿಯಾಗಳ ನಡುವಿನ ಸೇನಾರಹಿತ ವಲಯದಲ್ಲಿ ಇಳಿಸಬೇಕಾಯಿತು. ಎರಡೂ ಪಾಳಯಗಳ ಬೈಗುಳ ಕೇಳಿಕೊಂಡೇ ತಿಮ್ಮಯ್ಯ ಕೆಲಸ ಮುಗಿಸಿ ಬಂದರು.

ಇಂದಿನ ನಮ್ಮ ನಿಲುವಿಗೆ ಬರೋಣ. ಇದು ಯುದ್ಧದ ಯುಗವಲ್ಲ ಎಂದು ಪ್ರಧಾನಿಯವರು 2022ರಲ್ಲಿ ಸಮರ್‌ಕಂಡ್‌ನಲ್ಲಿ ಪುಟಿನ್ ಅವರ ಎದುರಿಗೇ ಹೇಳಿದರು. 2024ರಲ್ಲಿ ಮಾಸ್ಕೋಗೂ ಕೀವ್‌ಗೂ ಹೋಗಿ ಬಂದರು. ಸಣ್ಣ ಸಂಗತಿಯಲ್ಲ, ಒಪ್ಪಿದೆ. ಆದರೆ ಆಮೇಲಿನ ನಮ್ಮ ಹೇಳಿಕೆಗಳೆಲ್ಲ ಅಡ್ಡಗೋಡೆಯ ಮೇಲೆ ದೀಪವಿಟ್ಟಂತಿವೆ. ಕೈದಿಗಳ ವಿನಿಮಯಕ್ಕೆ ಮಧ್ಯಸ್ಥಿಕೆ ವಹಿಸಿದ್ದು ಯುಎಇ. ಕಪ್ಪು ಸಮುದ್ರದ ಮೂಲಕ ಉಕ್ರೇನಿನ ಧಾನ್ಯ ಸಾಗಿಸುವ ಒಪ್ಪಂದ ಕುದುರಿಸಿದ್ದು ವಿಶ್ವಸಂಸ್ಥೆ ಮತ್ತು ಟರ್ಕಿ. ನಾವೆಲ್ಲಿದ್ದೆವು?

ರಷ್ಯಾದ ಅಗ್ಗದ ತೈಲ ಕೊಳ್ಳುವವರನ್ನು ಕೀವ್ ನಂಬುತ್ತದೆಯೇ ಎಂದು ನಿಮ್ಮ ಅಧಿಕಾರಿಗಳು ಕೇಳಬಹುದು. ಸಿಂಗ್‌ಮನ್ ರೀ ನಮ್ಮನ್ನು ನಂಬಿದ್ದರೇ?

ಕದನವಿರಾಮಕ್ಕೆ ಸಹಿ ಬಿದ್ದರೂ ಅದನ್ನು ಕಾಯುವವರು ಬೇಕು. ಪೂರ್ವ ಉಕ್ರೇನಿನ ಕಾಳಗ ನಿಲ್ಲಿಸಲು 2015ರಲ್ಲಿ ಆದ ಮಿನ್ಸ್ಕ್ ಒಪ್ಪಂದದ ಗತಿ ನಿಮಗೆ ನನಗಿಂತ ಚೆನ್ನಾಗಿ ಗೊತ್ತು: ನಿರಾಯುಧ ವೀಕ್ಷಕರು ಉಲ್ಲಂಘನೆಗಳನ್ನು ಬರೆದುಕೊಂಡರು, ತಡೆಯುವ ಅಧಿಕಾರ ಅವರಿಗಿರಲಿಲ್ಲ. ನ್ಯಾಟೊ ದೇಶಗಳ ಸೈನಿಕರನ್ನು ಅಲ್ಲಿಗೆ ಕಳುಹಿಸಿದರೆ ಒಪ್ಪುವುದಿಲ್ಲವೆಂದು ಮಾಸ್ಕೋ ಹೇಳಿದೆ. ಹಾಗಿದ್ದಮೇಲೆ ಶಾಂತಿಪಾಲನೆಯಲ್ಲಿ ದಶಕಗಳಿಂದ ಪಳಗಿದ ಭಾರತದಂಥ ದೇಶಗಳೇ ಹೆಗಲು ಕೊಡಬೇಕು. ಕದನವಿರಾಮದ ರೇಖೆಗೆ ಗಡಿಯೆಂಬ ಮುದ್ರೆ ಒತ್ತುವ ಕೆಲಸಕ್ಕೆ ಮಾತ್ರ ಕೈಹಾಕಬಾರದು. ಪರರ ನೆಲ ಕಬಳಿಸಿದ್ದನ್ನು ಅಲ್ಲಿ ಒಪ್ಪಿಕೊಂಡರೆ ನಾಳೆ ಲಡಾಖ್ ವಿಷಯದಲ್ಲಿ ಯಾವ ಬಾಯಿಂದ ಮಾತನಾಡುತ್ತೇವೆ?

ಇದು ದೂರದವರ ಜಗಳ ಎನ್ನುವ ಸ್ಥಿತಿಯಲ್ಲಿ ಕರ್ನಾಟಕವಿಲ್ಲ. ಯುದ್ಧ ಶುರುವಾದ ವಾರದೊಳಗೆ, 2022ರ ಮಾರ್ಚ್ 1ರಂದು, ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಖಾರ್ಕಿವ್‌ನಲ್ಲಿ ಬಲಿಯಾದ. ಅವನ ದೇಹ ಬೆಂಗಳೂರು ತಲುಪಿದ್ದು ಮಾರ್ಚ್ 21ಕ್ಕೆ. ಆಮೇಲೆ ಕೆಲಸದ ಆಸೆಗೆ ಹೋದ ಕಲಬುರಗಿಯ ಯುವಕರು ರಷ್ಯಾದ ಸೇನೆಯಲ್ಲಿ ಸಿಕ್ಕಿಬಿದ್ದರು.

ಕೈದಿಗಳ ವಿನಿಮಯಕ್ಕೆ ನೆರವಾಗಲು, ಕದನವಿರಾಮದ ಮೇಲೆ ನಿಗಾ ವಹಿಸಲು ಭಾರತ ಸಿದ್ಧವಿದೆ ಎಂದು ಎರಡೂ ರಾಜಧಾನಿಗಳಿಗೆ ಲಿಖಿತವಾಗಿ ತಿಳಿಸಿ. ಈಗಾಗಲೇ ತಿಳಿಸಿದ್ದರೆ, ಬಂದ ಉತ್ತರವೇನೆಂದು ಸಂಸತ್ತಿನ ಮುಂದಿಡಿ.

ಇಂತಿ,
ಬೆಂಗಳೂರಿನ ಒಬ್ಬ ಮತದಾರ